ಮಗು ಹೇಳಿದ ಮೇಲಿನ ಮೊದಲ ಗಂಟೆ

ಶಾಲೆ ಬಿಟ್ಟು ಮೇಷ್ಟ್ರು ಆಗಷ್ಟೇ ಮನೆಗೆ ಬಂದಿದ್ದಾರೆ. ಹಳೆಯ ವಿದ್ಯಾರ್ಥಿಯೊಬ್ಬ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿ, ‘ಸರ್, ಇವಳು ನಮ್ಮ ಸ್ಕೂಲ್ ಹುಡುಗಿ ಅಲ್ವಾ, ನೋಡಿ’ ಎಂದು ಬರೆದಿದ್ದಾನೆ. ಹೌದು, ಒಂಬತ್ತನೇ ತರಗತಿಯ ಹುಡುಗಿ. ಯಾರೂ ನೋಡಬಾರದ ಫೋಟೊ. ಮೇಷ್ಟ್ರಿಗೆ ಕೈಕಾಲೇ ಆಡುವುದಿಲ್ಲ. ಹೆಡ್‌ಮಾಸ್ಟರಿಗೆ ತಿಳಿಸಬೇಕು ಅನ್ನಿಸುತ್ತದೆ. ಬಾಯಿಬಿಟ್ಟು ಹೇಳಲು ಸಂಕೋಚವಾಗಿ ಅದೇ ಫೋಟೊವನ್ನು ಅವರಿಗೆ ಫಾರ್ವರ್ಡ್ ಮಾಡುತ್ತಾರೆ. ಹೆಡ್‌ಮಾಸ್ಟರ್ ಅದನ್ನು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರಿಗೆ ಕಳಿಸುತ್ತಾರೆ. ಅಧ್ಯಕ್ಷರು ಹುಡುಗಿಯ ಚಿಕ್ಕಪ್ಪನಿಗೆ, ಚಿಕ್ಕಪ್ಪ ಊರಿನ ಇನ್ನಿಬ್ಬರಿಗೆ. ರಾತ್ರಿ ಊಟದ ಹೊತ್ತಿಗೆ ಆ ಹುಡುಗಿಯನ್ನು ಎತ್ತಿ ಆಡಿಸಿದವರ ಫೋನಿನಲ್ಲೆಲ್ಲ ಆ ಫೋಟೊ ಇರುತ್ತದೆ.

ಇದು ನಡೆದುಹೋದ ಒಂದು ಘಟನೆಯ ವರದಿಯಲ್ಲ. ಯಾವ ಶಾಲೆಯಲ್ಲಾದರೂ ನಾಳೆ ನಡೆಯಬಹುದಾದದ್ದು. ಈ ಸರಪಳಿಯಲ್ಲಿ ಕೆಟ್ಟ ಮನಸ್ಸಿನವರು ಯಾರೂ ಇಲ್ಲ, ಎಲ್ಲರೂ ಸಹಾಯ ಮಾಡಲು ಹೊರಟವರೇ. ಆದರೆ ಕಾನೂನು ನೋಡುವುದು ಕಳಿಸಿದ ಕೈಯನ್ನು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 67ಬಿ ಪ್ರಕಾರ ಮಗುವಿನ ಲೈಂಗಿಕ ಚಿತ್ರವನ್ನು ರವಾನಿಸುವುದೇ ಅಪರಾಧ. ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ಹುಡುಗಿಯ ಪಾಲಿಗಂತೂ ಆ ಫೋಟೊ ಹಬ್ಬಿದ್ದು ದುಷ್ಟರಿಂದಲೋ ಹಿತೈಷಿಗಳಿಂದಲೋ ಎಂಬ ವ್ಯತ್ಯಾಸವೇ ಉಳಿಯುವುದಿಲ್ಲ.

ನಮ್ಮ ಶಾಲೆಗಳಲ್ಲಿ ಆನ್‌ಲೈನ್ ಸುರಕ್ಷತೆ ಎಂದರೆ ಸಾಮಾನ್ಯವಾಗಿ ಎರಡು ಕೆಲಸ. ‘ಮೊಬೈಲ್ ತರುವಂತಿಲ್ಲ’ ಎಂಬ ಫಲಕ ಒಂದು. ವರ್ಷಕ್ಕೊಮ್ಮೆ ಠಾಣೆಯಿಂದ ಅಧಿಕಾರಿಯೊಬ್ಬರನ್ನು ಕರೆಸಿ, ಪ್ರಾರ್ಥನೆ ಮುಗಿದ ಮೇಲೆ ಬಿಸಿಲಿನಲ್ಲಿ ಮಕ್ಕಳನ್ನು ಕೂರಿಸಿ ಮಾಡಿಸುವ ಭಾಷಣ ಇನ್ನೊಂದು. ಎರಡೂ ಬೇಡವೆನ್ನುವುದಿಲ್ಲ. ಆದರೆ ಮಗುವಿಗೆ ನಿಜವಾಗಿ ತೊಂದರೆಯಾದ ದಿನ ಇವೆರಡರಿಂದಲೂ ಪ್ರಯೋಜನವಿಲ್ಲ. ಆ ದಿನ ಬೇಕಾಗುವುದು ಮಗು ಹೋಗಿ ಹೇಳಿಕೊಳ್ಳಬಲ್ಲ ಒಬ್ಬ ದೊಡ್ಡವರು. ಹೇಳಿಸಿಕೊಂಡ ಮೇಲೆ ಏನು ಮಾಡಬೇಕು, ಏನು ಮಾಡಲೇಬಾರದು ಎಂಬುದು ಅವರಿಗೆ ಮೊದಲೇ ಗೊತ್ತಿರಬೇಕು. ಶಾಲೆಯ ಆನ್‌ಲೈನ್ ಸುರಕ್ಷತೆಯ ಮುಕ್ಕಾಲು ಪಾಲು ಇಷ್ಟರಲ್ಲೇ ಇದೆ ಎಂದು ನಾನು ನಂಬಿದ್ದೇನೆ.

ಫೋನ್ ಬಂದ ದಾರಿ

‘ಪ್ರಥಮ್’ ಸಂಸ್ಥೆ ನಡೆಸುವ ‘ಅಸರ್’ ಸಮೀಕ್ಷೆ ಗ್ರಾಮೀಣ ಭಾರತದ ಮನೆಮನೆಗೆ ಹೋಗಿ ಮಕ್ಕಳನ್ನು ಮಾತಾಡಿಸುತ್ತದೆ. 2018ರಲ್ಲಿ ನೂರರಲ್ಲಿ 36 ಗ್ರಾಮೀಣ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇತ್ತು. 2022ಕ್ಕೆ ಅದು ಸುಮಾರು 75 ಆಯಿತು. ನಡುವೆ ಆದದ್ದು ಕೊರೊನಾ. ಶಾಲೆಗಳು ಮುಚ್ಚಿದವು, ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಶುರುವಾದವು, ಮಿಕ್ಕದ್ದೆಲ್ಲ ತರಗತಿಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ. ಹೋಂವರ್ಕ್ ಬರುತ್ತಿದ್ದುದೂ ಅಲ್ಲೇ, ಬರೆದದ್ದರ ಫೋಟೊ ಹಾಕುತ್ತಿದ್ದುದೂ ಅಲ್ಲೇ. ಸಾಲ ಮಾಡಿ, ಕುರಿ ಮಾರಿ ಫೋನ್ ಕೊಂಡವರು ನಮ್ಮ ಹಳ್ಳಿಗಳಲ್ಲಿ ಕಡಿಮೆಯಿಲ್ಲ. ಕೊಳ್ಳಿ ಎಂದು ಹೇಳಿದ್ದು ಶಾಲೆಯೇ. ಬಾಗಿಲು ತೆರೆದ ಮೇಲೆ ಅದೇ ಶಾಲೆ ಫೋನ್ ನಮಗೆ ಸಂಬಂಧಿಸಿದ್ದಲ್ಲ ಎಂದು ಕೈತೊಳೆದುಕೊಂಡರೆ ಅದು ನ್ಯಾಯವಲ್ಲ.

2024ರ ಅಸರ್ ವರದಿಯಲ್ಲಿ 14ರಿಂದ 16 ವರ್ಷದ ಮಕ್ಕಳ ಬಗ್ಗೆಯೇ ಒಂದು ಭಾಗವಿದೆ. ನೂರರಲ್ಲಿ 82 ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಿಂದಿನ ವಾರದಲ್ಲಿ ಓದಿಗಾಗಿ ಅದನ್ನು ಬಳಸಿದವರು 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು 76. ಜಾಲತಾಣ ಬಳಸುವವರಲ್ಲಿ ಒಬ್ಬರನ್ನು ಬ್ಲಾಕ್ ಅಥವಾ ರಿಪೋರ್ಟ್ ಮಾಡುವುದು ಗೊತ್ತಿದ್ದವರು ನೂರಕ್ಕೆ 62, ಪ್ರೊಫೈಲನ್ನು ಖಾಸಗಿ ಮಾಡಿಕೊಳ್ಳಲು ಗೊತ್ತಿದ್ದವರು 55. ಉಳಿದ ಮಕ್ಕಳು ಯಾವ ರಕ್ಷಣೆಯೂ ಇಲ್ಲದೆ ಅಲ್ಲಿದ್ದಾರೆ. ಬ್ಲಾಕ್ ಮಾಡುವುದನ್ನು ಕಲಿಸಲು ಒಂದು ಪೀರಿಯಡ್ ಸಾಕು. ಅಷ್ಟನ್ನೂ ನಾವು ಮಾಡಿಲ್ಲ.

ಅದೇ ವರದಿಯ ಇನ್ನೊಂದು ಅಂಕಿ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿತು. ಫೋನ್ ಬಳಸಬಲ್ಲ ಈ ಮಕ್ಕಳಲ್ಲಿ ಸ್ವಂತ ಫೋನ್ ಇರುವುದು ನೂರಕ್ಕೆ 31 ಮಂದಿಗೆ ಮಾತ್ರ. ಹುಡುಗಿಯರಲ್ಲಿ ಇನ್ನೂ ಕಡಿಮೆ, 27ರ ಆಸುಪಾಸು. ಎಂದರೆ ಹೆಚ್ಚಿನ ಹುಡುಗಿಯರು ಬಳಸುವುದು ಅಪ್ಪನ ಫೋನ್, ಇಲ್ಲವೇ ಅಣ್ಣನ ಫೋನ್. ಸುರಕ್ಷತೆಯ ಕೈಪಿಡಿಗಳು ಮಾತ್ರ ಪ್ರತಿ ಮಗುವಿಗೂ ತನ್ನದೇ ಫೋನ್, ತನ್ನದೇ ಪಾಸ್‌ವರ್ಡ್ ಇದೆ ಎಂದುಕೊಂಡು ಬರೆದಂತಿವೆ. ಯಾರೋ ಕೆಟ್ಟ ಮೆಸೇಜ್ ಕಳಿಸಿದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ ಎನ್ನುತ್ತವೆ. ಆ ಸ್ಕ್ರೀನ್‌ಶಾಟ್ ಹೋಗಿ ಕೂರುವುದು ಅಣ್ಣನ ಗ್ಯಾಲರಿಯಲ್ಲಿ. ಸಹಾಯವಾಣಿಗೆ ಕರೆ ಮಾಡಿದರೆ ಅದರ ಗುರುತು ಅಪ್ಪನ ಕಾಲ್ ಲಿಸ್ಟಿನಲ್ಲಿ. ಇಂಥ ಹುಡುಗಿಗೆ ತನ್ನ ಸಂಕಟ ಹೇಳಿಕೊಳ್ಳಲು ಫೋನ್ ದಾರಿಯಾಗುವುದಿಲ್ಲ. ಮನೆಯಾಚೆ ಅವಳು ದಿನಾ ಕಾಣುವ ದೊಡ್ಡವರು ಯಾರು? ಶಾಲೆಯ ಶಿಕ್ಷಕರು, ಅಷ್ಟೇ.

ಮೊದಲ ಗಂಟೆಯಲ್ಲಿ

ಆ ಮೇಷ್ಟ್ರ ವಿಷಯಕ್ಕೇ ಬರೋಣ. ಫೋಟೊ ಬಂದಿದೆ. ಈಗ ಅವರು ಮಾಡಬೇಕಾದ್ದೇನು?

ಫೋಟೊವನ್ನು ಯಾರಿಗೂ ಕಳಿಸಬಾರದು. ಹೆಡ್‌ಮಾಸ್ಟರಿಗೂ ಇಲ್ಲ, ಹುಡುಗಿಯ ಅಪ್ಪನಿಗೂ ಇಲ್ಲ. ‘ಸರ್, ಒಂದು ಗಂಭೀರ ವಿಷಯ ಇದೆ, ತಕ್ಷಣ ಮಾತಾಡಬೇಕು’ ಎಂದು ಕರೆ ಮಾಡಿ ಹೇಳಬಹುದು. ಏನಿದೆ ಎಂದು ಮಾತಿನಲ್ಲಿ ಹೇಳಿದರೆ ಸಾಕು, ತೋರಿಸಬೇಕಾಗಿಲ್ಲ. ಬಂದ ಸಮಯ, ಕಳಿಸಿದವನ ನಂಬರ್, ಎಲ್ಲಿಂದ ಸಿಕ್ಕಿತು ಎಂದು ಅವನು ಹೇಳಿದ್ದು, ಖಾತೆಯ ಹೆಸರು ಅಥವಾ ಲಿಂಕ್ ಇದ್ದರೆ ಅದು, ಇವಿಷ್ಟನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಗಾಬರಿಯಲ್ಲಿ ಎಲ್ಲವನ್ನೂ ಅಳಿಸಿಬಿಡಬಾರದು, ಪೊಲೀಸರಿಗೆ ಸಿಗಬೇಕಾದ ಜಾಡು ಅದರಲ್ಲಿರುತ್ತದೆ. ಹಾಗೆಂದು ಇಟ್ಟುಕೊಂಡು ಸುಮ್ಮನಿರುವಂತೆಯೂ ಇಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಸೆಕ್ಷನ್ 15, ಇಂಥ ಚಿತ್ರವನ್ನು ಅಳಿಸದೆ, ವರದಿಯನ್ನೂ ಮಾಡದೆ ಹಂಚುವ ಉದ್ದೇಶದಿಂದ ಇಟ್ಟುಕೊಳ್ಳುವುದನ್ನು ಅಪರಾಧ ಎನ್ನುತ್ತದೆ. ಸಂಬಂಧಪಟ್ಟ ಅಧಿಕಾರಿಗಳಿಗೆ ವರದಿ ಮಾಡಲು, ಕೋರ್ಟಿಗೆ ಸಾಕ್ಷ್ಯವಾಗಿ ಒಪ್ಪಿಸಲು ಕಾನೂನು ಅವಕಾಶ ಕೊಟ್ಟಿದೆ. ಸಹೋದ್ಯೋಗಿಗಳ ಗ್ರೂಪಿಗೆ ಹಾಕಲು ಕೊಟ್ಟಿಲ್ಲ. ಕಾಯ್ದೆಗೆ ಬೇಕಾದದ್ದು ಬೇಗ ವರದಿ ಮಾಡುವುದು, ಅಷ್ಟೇ.

ವರದಿ ಯಾರಿಗೆ? 2012ರ ಪೋಕ್ಸೊ ಕಾಯ್ದೆಯ ಸೆಕ್ಷನ್ 19 ಸ್ಪಷ್ಟವಾಗಿದೆ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು, ನಡೆಯಬಹುದೆಂಬ ಶಂಕೆಯಿರುವವರು ಯಾರೇ ಆಗಲಿ, ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು ಅಥವಾ ದಂಡ, ಎರಡೂ ಆಗಬಹುದು. ತನ್ನ ಕೈಕೆಳಗಿನ ಸಿಬ್ಬಂದಿಯೇ ಆರೋಪಿಯಾಗಿದ್ದು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ ಎಂಬ ರಕ್ಷಣೆಯೂ ಅದೇ ಸೆಕ್ಷನ್‌ನಲ್ಲಿದೆ. ‘ಸುಮ್ಮನೆ ನಮಗ್ಯಾಕೆ’ ಎಂದು ಹಿಂಜರಿಯುವ ಶಿಕ್ಷಕರಿಗೆ ಇದನ್ನು ಯಾರೂ ಬಿಡಿಸಿ ಹೇಳಿದಂತಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ನೆರವನ್ನೂ ಪಡೆಯಬಹುದು. 1996ರಲ್ಲಿ ಮುಂಬೈಯಲ್ಲಿ ಬೀದಿಮಕ್ಕಳಿಗಾಗಿ ಶುರುವಾದ ಆ ಸಹಾಯವಾಣಿ ಈಗ ಸರ್ಕಾರದ ಉಸ್ತುವಾರಿಯಲ್ಲಿದೆ. ಕೇಂದ್ರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಮಹಿಳೆ ಮತ್ತು ಮಕ್ಕಳಿಗೆ ಸಂಬಂಧಿಸಿದ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಕರ್ನಾಟಕದ ಪ್ರತಿ ಜಿಲ್ಲೆಯಲ್ಲೂ ಸೈಬರ್ ಅಪರಾಧಗಳ ತನಿಖೆ ನಡೆಸುವ ಠಾಣೆ ಇದೆ.

ಪೊಲೀಸ್ ಎಂದೊಡನೆ ಮನೆಯವರು ಹೆದರುತ್ತಾರೆ. ಸಹಜವೇ. ಹಾಗಾಗಿ ಪೋಕ್ಸೊ ಕಾಯ್ದೆಯ ಸೆಕ್ಷನ್ 24ನ್ನು ಪೋಷಕರಿಗೆ ಓದಿ ಹೇಳುವಷ್ಟಾದರೂ ಶಾಲೆಯವರಿಗೆ ತಿಳಿದಿರಬೇಕು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದು ಬಯಸಿದ ಜಾಗದಲ್ಲೋ ಪಡೆಯಬೇಕು. ಸಾಧ್ಯವಾದಷ್ಟೂ ಮಹಿಳಾ ಎಸ್‌ಐ ಅಥವಾ ಅವರಿಗಿಂತ ಮೇಲಿನ ದರ್ಜೆಯ ಮಹಿಳಾ ಅಧಿಕಾರಿಯೇ ಪಡೆಯಬೇಕು. ಆಗ ಅವರು ಸಮವಸ್ತ್ರದಲ್ಲಿರಬಾರದು. ರಾತ್ರಿ ಹೊತ್ತು ಮಗುವನ್ನು ಯಾವ ಕಾರಣಕ್ಕೂ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಮಗುವಿನ ಗುರುತು ಹೊರಗೆ ಬರಬಾರದು. ಇಷ್ಟು ಗೊತ್ತಾದರೆ ಎಷ್ಟೋ ಅಪ್ಪ–ಅಮ್ಮಂದಿರ ಅರ್ಧ ಭಯ ಹೋಗುತ್ತದೆ.

ಇನ್ನು ಆ ಫೋಟೊ ಇಂಟರ್‌ನೆಟ್‌ನಲ್ಲಿ ಹರಡದಂತೆ ತಡೆಯುವ ಕೆಲಸ. ಅಮೆರಿಕದ ಮಕ್ಕಳ ರಕ್ಷಣಾ ಸಂಸ್ಥೆ ಎನ್‌ಸಿಎಂಇಸಿ ನಡೆಸುವ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ಇದೆ. 18 ತುಂಬುವ ಮೊದಲು ತೆಗೆದ ಫೋಟೊ, ವಿಡಿಯೊಗಳಿಗೆ ಅದು. ಫೋಟೊವನ್ನು ಯಾರಿಗೂ ಒಪ್ಪಿಸಬೇಕಿಲ್ಲ, ಅದು ಇರುವ ಫೋನಿನಿಂದ ಹೊರಗೇ ಹೋಗುವುದಿಲ್ಲ. ಆ ಫೋನಿನಲ್ಲೇ ಫೋಟೊದ ಬೆರಳಚ್ಚಿನಂಥ ಒಂದು ಸಂಖ್ಯೆ ತಯಾರಾಗುತ್ತದೆ. ಆ ಸಂಖ್ಯೆಯಷ್ಟೇ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್ ಮುಂತಾದ ಕಂಪನಿಗಳಿಗೆ ಹೋಗುತ್ತದೆ. ಹೊಂದುವ ಫೋಟೊ ಅಲ್ಲಿ ಕಂಡುಬಂದರೆ ಅವರು ತೆಗೆದುಹಾಕಬಹುದು. ವಾಟ್ಸ್‌ಆ್ಯಪ್‌ನ ಖಾಸಗಿ ಚಾಟ್‌ಗಳೊಳಗೆ ಓಡಾಡುವುದನ್ನು ಮಾತ್ರ ಇದು ತಡೆಯಲಾರದು, ಅಲ್ಲಿ ಏನಿದೆ ಎಂದು ಕಂಪನಿಗೇ ಕಾಣುವುದಿಲ್ಲ. ಅಲ್ಲಿಯ ತಡೆ ಮನುಷ್ಯರದೇ ಆಗಬೇಕು. ಕೈಗೆ ಬಂದವರು ಮುಂದೆ ಕಳಿಸದಿರುವುದು, ಅದೊಂದೇ ದಾರಿ.

‘ಯಾರಿಗೂ ಹೇಳ್ಬೇಡಿ ಮಿಸ್’

ಇದುವರೆಗೆ ಹೇಳಿದ್ದು ಫೋಟೊ ಬೇರೆ ದಾರಿಯಿಂದ ಬಂದಾಗಿನ ಮಾತು. ಮಗುವೇ ಬಂದು ಹೇಳಿದಾಗ ಎಚ್ಚರ ಇನ್ನೂ ಹೆಚ್ಚು ಬೇಕು. ಹೇಳಲು ಅದು ತೆಗೆದುಕೊಳ್ಳುವ ಧೈರ್ಯ ಸಣ್ಣದಲ್ಲ. ಹೇಳಿದರೆ ಫೋನ್ ಹೋಗುತ್ತದೆ, ಓದು ನಿಲ್ಲುತ್ತದೆ, ಊರಲ್ಲಿ ಹೆಸರು ಕೆಡುತ್ತದೆ ಎಂದು ಹುಡುಗಿಯರಿಗೆ ಚೆನ್ನಾಗಿ ಗೊತ್ತು. ಕೆಲವು ಕಡೆ ಗಂಡು ಹುಡುಕಲೂ ಶುರುಮಾಡುತ್ತಾರೆ. ಫೋಟೊ ಇಟ್ಟುಕೊಂಡು ಹೆದರಿಸುವವನಿಗೂ ಇದು ಅಷ್ಟೇ ಚೆನ್ನಾಗಿ ಗೊತ್ತು. ಅವನ ಬಲ ಇರುವುದು ಫೋಟೊದಲ್ಲಲ್ಲ. ಇವಳು ಮನೆಯಲ್ಲಿ ಹೇಳಲಾರಳು, ಹೇಳಿದರೆ ಪೆಟ್ಟು ಇವಳಿಗೇ ಬೀಳುತ್ತದೆ ಎಂಬ ನಂಬಿಕೆಯಲ್ಲಿ. ಆ ನಂಬಿಕೆಯನ್ನು ಸುಳ್ಳು ಮಾಡುವುದು ಶಾಲೆಯ ಕೈಯಲ್ಲಿದೆ.

ಹಾಗಾಗಿ ಶಿಕ್ಷಕಿಯ ಬಾಯಿಂದ ಬರುವ ಮೊದಲ ಮಾತು ಬಹಳ ಮುಖ್ಯ. ‘ನೀನ್ಯಾಕೆ ಕಳಿಸಿದೆ?’ ಎಂದರೆ ಅಲ್ಲಿಗೆ ಮಾತು ಮುಗಿಯಿತು, ಆ ಮಗು ಮತ್ತೆ ಬಾಯಿ ಬಿಡುವುದಿಲ್ಲ. ‘ಹೇಳಿದ್ದು ಒಳ್ಳೇದಾಯ್ತು ಕಣಮ್ಮ. ಇದರಲ್ಲಿ ನಿನ್ನ ತಪ್ಪಿಲ್ಲ. ಏನ್ ಮಾಡೋದು ಅಂತ ಇಬ್ರೂ ಸೇರಿ ನೋಡೋಣ’ ಎಂದರೆ ಅದು ಉಸಿರು ಬಿಡುತ್ತದೆ. ಆಮೇಲೆ ಸಾಮಾನ್ಯವಾಗಿ ಬರುವ ಮಾತು: ‘ಯಾರಿಗೂ ಹೇಳ್ಬೇಡಿ ಮಿಸ್.’ ‘ಆಯ್ತು, ಹೇಳಲ್ಲ’ ಎಂದು ಮಾತು ಕೊಡಬಾರದು. ಕಾನೂನು ಹೇಳಲೇಬೇಕು ಎನ್ನುತ್ತದೆ, ಕೊಟ್ಟ ಮಾತು ನಾಳೆ ಮುರಿಯುತ್ತದೆ, ಅದರೊಂದಿಗೆ ಮಗುವಿನ ವಿಶ್ವಾಸವೂ ಮುರಿಯುತ್ತದೆ. ‘ಹೇಳಲೇಬೇಕಾದ ಒಬ್ಬಿಬ್ಬರಿಗೆ ಮಾತ್ರ ಹೇಳ್ತೀನಿ. ಯಾರಿಗೆ ಅಂತ ಮೊದಲು ನಿಂಗೇ ಹೇಳ್ತೀನಿ’ ಎನ್ನುವುದು ಉಳಿಸಿಕೊಳ್ಳಬಹುದಾದ ಮಾತು. ಬಿಡಿಬಿಡಿಯಾಗಿ ಪ್ರಶ್ನೆ ಹಾಕಿ ಎಲ್ಲ ಕೆದಕುವುದು ಶಿಕ್ಷಕರ ಕೆಲಸವಲ್ಲ. ಹೆಡ್‌ಮಾಸ್ಟರ್ ಕೋಣೆಯಲ್ಲಿ ಐದಾರು ಜನರ ಮುಂದೆ ನಿಲ್ಲಿಸಿ ಮತ್ತೆ ಮತ್ತೆ ಹೇಳಿಸುವುದಂತೂ ಕ್ರೌರ್ಯ. ಒಂದು ಸಲ ಹೇಳಿದ್ದನ್ನು ಅದರದೇ ಮಾತಿನಲ್ಲಿ ಬರೆದಿಟ್ಟುಕೊಂಡರೆ ಸಾಕು.

ಇಲ್ಲಿ ಒಂದು ನಿಜವಾದ ತೊಡಕಿದೆ. ಹದಿನೇಳರ ಹುಡುಗ, ಹದಿನಾರರ ಹುಡುಗಿ ಪರಸ್ಪರ ಇಷ್ಟಪಟ್ಟು ಫೋಟೊ ಕಳಿಸಿಕೊಂಡರೂ ಕಾನೂನಿನಲ್ಲಿ ಅದು ಅಪರಾಧದ ಪಟ್ಟಿಗೇ ಸೇರಬಹುದು. 18ರೊಳಗಿನವರ ಒಪ್ಪಿಗೆಗೆ ಪೋಕ್ಸೊದಲ್ಲಿ ಬೆಲೆಯಿಲ್ಲ. ಮಕ್ಕಳ ಮೇಲೆ ಇಂಥ ಕೇಸು ಬೀಳುವುದು ಯಾವ ಶಿಕ್ಷಕರಿಗೂ ಇಷ್ಟವಾಗದು, ಹಾಗಾಗಿ ಮುಚ್ಚಿಹಾಕುತ್ತಾರೆ. ಮುಚ್ಚಿಹಾಕುವ ರೂಢಿ ಒಮ್ಮೆ ಬಂತೆಂದರೆ ನಿಜವಾದ ದೌರ್ಜನ್ಯವೂ ಅದೇ ಚಾಪೆಯಡಿ ಸೇರುತ್ತದೆ. ಕಾನೂನು ಈ ಎರಡರ ನಡುವೆ ಗೆರೆ ಎಳೆಯಬೇಕು ಎಂಬುದು ನನ್ನ ಅಭಿಪ್ರಾಯ. ಎಳೆಯುವ ತನಕ ಶಿಕ್ಷಕರು ತಾವೇ ತೀರ್ಪು ಕೊಡುವ ಬದಲು 1098ಕ್ಕೋ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೋ ಮಾತಾಡಿ ಮುಂದುವರಿಯುವುದು ಕ್ಷೇಮ. 2024ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಮಕ್ಕಳ ಲೈಂಗಿಕ ಚಿತ್ರಗಳ ಕುರಿತು ನೀಡಿದ ತೀರ್ಪಿನಲ್ಲಿ, ಇಂಥ ಚಿತ್ರಗಳನ್ನು ಇಟ್ಟುಕೊಳ್ಳುವುದು ಯಾವಾಗ ಅಪರಾಧ ಎಂದು ವಿವರಿಸಿದ್ದರ ಜೊತೆಗೆ ಸಮಗ್ರ ಲೈಂಗಿಕ ಶಿಕ್ಷಣದ ಅಗತ್ಯವನ್ನೂ ಒತ್ತಿಹೇಳಿತು. ಮೊದಲ ಭಾಗ ಎಲ್ಲ ಪತ್ರಿಕೆಗಳಲ್ಲೂ ದೊಡ್ಡದಾಗಿ ಬಂತು. ಎರಡನೆಯದನ್ನು ಶಾಲೆಗಳು ಇನ್ನೂ ಕೈಗೆತ್ತಿಕೊಳ್ಳಬೇಕಿದೆ.

ಶಾಲೆಯೇ ಹಂಚುವ ಫೋಟೊಗಳು

ಅಪಾಯ ಸದಾ ಹೊರಗಿನಿಂದಲೇ ಬರುತ್ತದೆ ಎಂದು ಶಾಲೆಗಳು ತಿಳಿದಿವೆ. ನಮ್ಮದೇ ಶಾಲೆಯ ಫೇಸ್‌ಬುಕ್ ಪುಟ ತೆರೆದು ನೋಡೋಣ. ಪ್ರತಿಭಾ ಕಾರಂಜಿಯಲ್ಲಿ ಕುಣಿದ ಹುಡುಗಿಯ ಫೋಟೊ, ಕೆಳಗೆ ಪೂರ್ತಿ ಹೆಸರು, ತರಗತಿ, ತಂದೆಯ ಹೆಸರು, ಊರು. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ ಬಸ್ ನಿಲ್ದಾಣದ ಮುಂದೆ ಫ್ಲೆಕ್ಸ್, ಅದರ ಫೋಟೊ ಊರಿನವರೆಲ್ಲರ ಸ್ಟೇಟಸ್‌ನಲ್ಲಿ. ತರಗತಿಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಅರವತ್ತು ತಾಯಂದಿರ ನಂಬರ್ ಎಲ್ಲರಿಗೂ ಕಾಣುವಂತಿದೆ. ಮಗುವಿನ ಬಗ್ಗೆ ಹೆಮ್ಮೆಯಿಂದಲೇ ಇದನ್ನೆಲ್ಲ ಮಾಡುತ್ತೇವೆ. ಆದರೆ ಒಬ್ಬ ಅಪರಿಚಿತ ‘ನಾನು ನಿಮ್ಮಪ್ಪನ ಸ್ನೇಹಿತ’ ಎಂದು ಆ ಹುಡುಗಿಯನ್ನು ಮಾತಾಡಿಸಲು ಬೇಕಾದ ಅಷ್ಟೂ ವಿವರ ಅಲ್ಲಿ ಸಿಗುತ್ತದೆ.

ಕೃತಕ ಬುದ್ಧಿಮತ್ತೆ ಬಂದ ಮೇಲೆ ಸಾಮಾನ್ಯ ಫೋಟೊ ಕೂಡ ಸಾಮಾನ್ಯವಾಗಿ ಉಳಿದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಸ್ಪೇನ್‌ನ ಅಲ್ಮೆಂದ್ರಲೇಹೊ ಎಂಬ ಪಟ್ಟಣದಲ್ಲಿ ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರ ನಗ್ನ ಚಿತ್ರಗಳು ಹರಿದಾಡಿದವು. ಒಬ್ಬಳೂ ಅಂಥ ಫೋಟೊ ತೆಗೆಸಿಕೊಂಡವಳಲ್ಲ. ಜಾಲತಾಣದಲ್ಲಿದ್ದ ಅವರ ಮಾಮೂಲಿ ಫೋಟೊಗಳನ್ನು ಊರಿನದೇ ಹುಡುಗರು ಒಂದು ಆ್ಯಪಿಗೆ ಕೊಟ್ಟು ಮಾಡಿಸಿದ್ದು. ತಾಯಂದಿರು ಮುಂದೆ ಬಂದು ಬಹಿರಂಗವಾಗಿ ಮಾತಾಡಿದ್ದರಿಂದ ವಿಷಯ ಹೊರಬಂತು. ಮರುವರ್ಷ ಬಾಲ ನ್ಯಾಯಾಲಯ 15 ಹುಡುಗರನ್ನು ಒಂದು ವರ್ಷದ ನಿಗಾವಣೆಗೆ ಒಳಪಡಿಸಿತು. ನಮ್ಮಲ್ಲಿ 2019ರ ತಿದ್ದುಪಡಿಯ ನಂತರ ಪೋಕ್ಸೊದ ವ್ಯಾಖ್ಯೆಯೊಳಗೆ ಕಂಪ್ಯೂಟರಿನಲ್ಲಿ ಸೃಷ್ಟಿಸಿದ, ತಿದ್ದಿದ ಚಿತ್ರಗಳೂ ಬರುತ್ತವೆ. ‘ಅದು ನಿಜವಾದ ಫೋಟೊ ಅಲ್ಲವಲ್ಲ, ಬಿಡಿ’ ಎಂದು ಶಾಲೆ ತಳ್ಳಿಹಾಕುವಂತಿಲ್ಲ.

ಫೋಟೊ ಹಾಕಲೇಬಾರದು ಎಂದು ನಾನು ಹೇಳುತ್ತಿಲ್ಲ. ಮಕ್ಕಳ ಸಾಧನೆ ಊರಿಗೆ ಗೊತ್ತಾಗಲಿ. ದೂರದಿಂದ ತೆಗೆದ ಗುಂಪಿನ ಫೋಟೊ ಇರಲಿ, ಮುಖದೊಂದಿಗೆ ಹೆಸರು, ಊರು ಬೇಡ. ಹಾಕುವ ಮೊದಲು ಪೋಷಕರನ್ನು ಕೇಳಬೇಕು, ಮಗುವನ್ನೂ ಕೇಳಬೇಕು. ಪೋಷಕರಿಗೆ ಸೂಚನೆ ಕೊಡಲು ಅಡ್ಮಿನ್ ಮಾತ್ರ ಬರೆಯಬಲ್ಲ, ಸದಸ್ಯರ ನಂಬರ್ ಪರಸ್ಪರ ಕಾಣದ ವ್ಯವಸ್ಥೆ ವಾಟ್ಸ್‌ಆ್ಯಪ್‌ನಲ್ಲೇ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದ ಎಲ್ಲರನ್ನೂ ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿ ಬಳಸಲು ಪೋಷಕರ ಖಚಿತ ಒಪ್ಪಿಗೆ ಕೇಳುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಹಂತಹಂತವಾಗಿ ಜಾರಿಗೆ ಬರುತ್ತವೆ. ಶಾಲೆಗಳಿಗೆ ಕೆಲವು ವಿನಾಯಿತಿ ಇದೆ, ಆದರೆ ಅದು ಓದು ಮತ್ತು ಸುರಕ್ಷತೆಗೆ ಸಂಬಂಧಿಸಿದ್ದು, ಪ್ರಚಾರಕ್ಕಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಪ್ರಕರಣಕ್ಕೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಮಕ್ಕಳ ಬಗ್ಗೆ ಬರೆದದ್ದನ್ನು ಪ್ರತಿ ಶಾಲೆಯ ಸಿಬ್ಬಂದಿ ಕೊಠಡಿಯಲ್ಲೂ ಓದಬೇಕು. ಎಳೆಯ ವಯಸ್ಸಿನ ತಪ್ಪುಗಳು ಇಂಟರ್‌ನೆಟ್‌ನಲ್ಲಿ ಅಳಿಯದೆ ಉಳಿದು ಮಗುವನ್ನು ಜೀವಮಾನವಿಡೀ ಬೆನ್ನಟ್ಟಬಾರದು ಎಂಬುದು ಅವರ ಮಾತಿನ ಸಾರ.

ಕಳಿಸಿದ ಹುಡುಗ

ಎಳೆಯ ತಪ್ಪು ಎಂಬ ಮಾತು ಆ ಫೋಟೊವನ್ನು ಮೊದಲು ಹಂಚಿದ ಹುಡುಗನಿಗೂ ಸಲ್ಲಬೇಕಲ್ಲವೇ? ಬಹಳ ಸಲ ಅವನು ಅದೇ ತರಗತಿಯವನು. ಸುರಕ್ಷತೆಯ ಭಾಷಣಗಳು ಅಪರಿಚಿತರ ಬಗ್ಗೆ ಎಚ್ಚರಿಸುತ್ತವೆ. ಪಕ್ಕದ ಬೆಂಚಿನವನ ಬಗ್ಗೆ ಯಾರೂ ಮಾತಾಡುವುದಿಲ್ಲ.

2004ರಲ್ಲಿ ದೆಹಲಿಯ ಶಾಲೆಯೊಂದರ ಇಬ್ಬರು ವಿದ್ಯಾರ್ಥಿಗಳ ವಿಡಿಯೊ ಎಂಎಂಎಸ್ ಮೂಲಕ ಹರಡಿ, ಬಾಜೀ ಡಾಟ್ ಕಾಮ್ ಎಂಬ ತಾಣದಲ್ಲಿ ಮಾರಾಟಕ್ಕೇ ಬಂತು. ತಾಣದ ಮುಖ್ಯಸ್ಥರ ಬಂಧನವಾಯಿತು, ದೇಶವೆಲ್ಲ ಮಾತಾಡಿತು. ಮಕ್ಕಳ ಚಿತ್ರಗಳಿಗೆಂದೇ 67ಬಿ ಕಾನೂನಿನ ಪುಸ್ತಕ ಸೇರಿದ್ದು ಆಮೇಲೆ, 2008ರ ತಿದ್ದುಪಡಿಯಲ್ಲಿ. 2020ರ ಮೇ ತಿಂಗಳಲ್ಲಿ ಅದೇ ದೆಹಲಿಯಲ್ಲಿ ‘ಬಾಯ್ಸ್ ಲಾಕರ್ ರೂಮ್’ ಎಂಬ ಇನ್‌ಸ್ಟಾಗ್ರಾಂ ಗ್ರೂಪಿನ ಚಾಟ್‌ಗಳು ಹೊರಬಿದ್ದವು. ಸಹಪಾಠಿ ಹುಡುಗಿಯರ ಫೋಟೊ ಹಾಕಿ ಹುಡುಗರು ಹೊಲಸು ಮಾತಾಡಿದ್ದರು. ಅದರೊಂದಿಗೆ ಸೇರಿಸಿ ಹಂಚಲಾದ, ಅತ್ಯಾಚಾರದ ಸಂಚಿನಂತಿದ್ದ ಇನ್ನೊಂದು ಚಾಟ್ ಆ ಗ್ರೂಪಿನದೇ ಅಲ್ಲ, ಒಬ್ಬ ಹುಡುಗಿ ಹುಡುಗನ ಹೆಸರಿನಲ್ಲಿ ಬರೆದದ್ದು ಎಂದು ಪೊಲೀಸರು ಕಂಡುಕೊಂಡರು. ಅದೇ ದಿನಗಳಲ್ಲಿ ಗುರುಗ್ರಾಮದಲ್ಲಿ, ಈ ಗ್ರೂಪಿಗೆ ಸಂಬಂಧವಿಲ್ಲದ ಬೇರೊಂದು ಆರೋಪ ಇನ್‌ಸ್ಟಾಗ್ರಾಂನಲ್ಲಿ ಬಂದ ಬೆನ್ನಲ್ಲೇ 17 ವರ್ಷದ ಹುಡುಗನೊಬ್ಬ ಪ್ರಾಣ ಬಿಟ್ಟ. ವಿಚಾರಣೆ ಎಂಬುದೇ ಇಲ್ಲದೆ ಎಲ್ಲವೂ ಸ್ಕ್ರೀನ್‌ಶಾಟ್‌ಗಳ ಮೇಲೆ ತೀರ್ಮಾನವಾದರೆ ಹೀಗೂ ಆಗುತ್ತದೆ.

ನಮ್ಮ ಶಾಲೆಗಳಿಗೆ ಗೊತ್ತಿರುವ ಪರಿಹಾರ ಒಂದೇ, ಟಿಸಿ ಕೊಟ್ಟು ಕಳಿಸುವುದು. ಹುಡುಗನಿಗೆ ಟಿಸಿ ಕೊಟ್ಟರೆ ಅವನು ಪಕ್ಕದೂರಿನ ಶಾಲೆ ಸೇರುತ್ತಾನೆ, ಫೋಟೊ ಅವನ ಜೊತೆಗೇ ಹೋಗುತ್ತದೆ. ಅದಕ್ಕಿಂತ ಅನ್ಯಾಯವೆಂದರೆ, ‘ಶಾಲೆಯ ಮರ್ಯಾದೆ’ಗಾಗಿ ಹುಡುಗಿಯ ಅಪ್ಪನ ಕೈಗೂ ಟಿಸಿ ಇಡುವುದು. ಯಾರ ಮೇಲೆ ತಪ್ಪು ನಡೆಯಿತೋ ಅವಳ ಓದಿಗೇ ಕತ್ತರಿ. ಬಾಲನ್ಯಾಯ ಕಾಯ್ದೆಯ ದಾರಿ ಇದಕ್ಕಿಂತ ಮೇಲು. ಆರೋಪ ಹೊತ್ತ ಮಗುವನ್ನು ಲಾಕಪ್ಪಿಗೆ ಹಾಕುವಂತಿಲ್ಲ, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು. ಮಂಡಳಿ ಆಪ್ತಸಮಾಲೋಚನೆಗೆ, ಸಮುದಾಯ ಸೇವೆಗೆ ಕಳಿಸಬಹುದು. ತಾನು ಮಾಡಿದ್ದು ಎಂಥದ್ದು ಎಂದು ಹುಡುಗನಿಗೆ ಅರ್ಥವಾಗಬೇಕು, ಅವನ ಬದುಕು ಅಲ್ಲಿಗೇ ಮುಗಿಯಲೂಬಾರದು. ಈ ಕೆಲಸಕ್ಕೆ ಎಂಟನೇ ತರಗತಿಗಿಂತ ಮುಂಚೆಯೇ ಹುಡುಗರನ್ನು ಪ್ರತ್ಯೇಕವಾಗಿ ಕೂರಿಸಿ ಮಾತಾಡುವ ಗಂಡಸು ಶಿಕ್ಷಕರು ಬೇಕು. ‘ಬಂದದ್ದನ್ನು ಮುಂದೆ ಕಳಿಸದವನೇ ಗಂಡಸು’ ಎಂಬ ಮಾತನ್ನು ಹುಡುಗರು ತಾವು ನಂಬುವ ದೈಹಿಕ ಶಿಕ್ಷಣದ ಮೇಷ್ಟ್ರ ಬಾಯಿಂದ ಕೇಳಿದರೆ, ಅದು ಪೊಲೀಸ್ ಭಾಷಣಕ್ಕಿಂತ ಹೆಚ್ಚು ತಾಗುತ್ತದೆ.

ಭಯ ಹುಟ್ಟಿಸುವ ಪ್ರಚಾರದ ಬಗ್ಗೆಯೂ ಒಂದು ಮಾತು. 2017ರಲ್ಲಿ ‘ಬ್ಲೂ ವೇಲ್’ ಎಂಬ ಆಟ ಮಕ್ಕಳ ಜೀವ ತೆಗೆಯುತ್ತಿದೆ ಎಂದು ದೇಶವೇ ನಡುಗಿತು. ಸುತ್ತೋಲೆಗಳು ಬಂದವು, ಟಿ.ವಿ.ಗಳು ದಿನಗಟ್ಟಲೆ ತೋರಿಸಿದವು. ಆಮೇಲೆ ಕೇಂದ್ರ ಸರ್ಕಾರ ಸಂಸತ್ತಿಗೆ ಹೇಳಿದ್ದು, ತನಿಖೆಯಾದ ಯಾವ ಸಾವಿನಲ್ಲೂ ಆ ಆಟದ ಕೈವಾಡ ಸಾಬೀತಾಗಿಲ್ಲ ಎಂದು. ಆ ಮಕ್ಕಳ ಸಂಕಟಕ್ಕೆ ಬೇರೆ ಕಾರಣಗಳಿದ್ದಿರಬೇಕು, ಅವನ್ನು ಕೇಳುವ ತಾಳ್ಮೆ ನಮಗಿರಲಿಲ್ಲ. ಮಕ್ಕಳಿಗೆ ಅಂಥ ಆಟವೊಂದರ ಹೆಸರನ್ನು ಹೇಳಿಕೊಟ್ಟದ್ದು ನಮ್ಮ ಸುತ್ತೋಲೆಗಳೇ.

ಇಬ್ಬರ ಹೆಸರು

ನಮ್ಮ ಬಹುಪಾಲು ಸರ್ಕಾರಿ ಪ್ರೌಢಶಾಲೆಗಳಲ್ಲಿ ಪೂರ್ಣಾವಧಿಯ ಆಪ್ತಸಮಾಲೋಚಕರಿಲ್ಲ. ಆ ಹುದ್ದೆಗಳು ಬರಬೇಕು, ಅದಕ್ಕಾಗಿ ಒತ್ತಾಯಿಸಬೇಕು. ಬರುವ ತನಕ ಕಾಯುವಂತಿಲ್ಲ. ಮನಸ್ಸು ಕುಗ್ಗಿದ ಮಗುವಿಗಾಗಿ ಶಿಕ್ಷಕರೇ ಕರೆ ಮಾಡಬಹುದಾದ ಟೆಲಿ ಮನಸ್ ಸಹಾಯವಾಣಿ 14416, 2022ರ ಅಕ್ಟೋಬರ್‌ನಿಂದ ಹಗಲಿರುಳೂ ಇದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಅದರ ಹಿಂದಿನ ಮುಖ್ಯ ಸಂಸ್ಥೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಮೊಬೈಲ್, ಗೇಮ್‌ಗಳ ಗೀಳು ಹತ್ತಿದವರಿಗಾಗಿ ಅದೇ ನಿಮ್ಹಾನ್ಸ್ 2014ರಲ್ಲೇ ‘ಶಟ್’ ಕ್ಲಿನಿಕ್ ತೆರೆದಿದೆ.

ಕರ್ನಾಟಕ 2016ರಲ್ಲೇ ಮಕ್ಕಳ ರಕ್ಷಣಾ ನೀತಿ ರೂಪಿಸಿದೆ. ಮಕ್ಕಳ ಗ್ರಾಮಸಭೆ ನಡೆಸುವ ರೂಢಿಯೂ ನಮ್ಮಲ್ಲಿದೆ. ಶೌಚಾಲಯ, ಬಸ್ಸು, ಕುಡಿಯುವ ನೀರಿನ ಬಗ್ಗೆ ಮಕ್ಕಳು ಅಲ್ಲಿ ಎದ್ದು ನಿಂತು ಪ್ರಶ್ನೆ ಕೇಳುತ್ತಾರೆ. ಫೋನಿನಲ್ಲಿ ನಮಗೆ ಏನಾಗುತ್ತಿದೆ ಎಂಬುದನ್ನೂ ಅಲ್ಲಿ ಹೆಸರು ಹೇಳದ ಚೀಟಿಗಳಲ್ಲಿ ಕೇಳಿಸಿಕೊಂಡರೆ, ಪಂಚಾಯಿತಿಗೂ ಶಾಲೆಗೂ ತಮ್ಮೂರಿನ ನಿಜಸ್ಥಿತಿ ತಿಳಿಯುತ್ತದೆ.

ಆದರೆ ಎಲ್ಲಕ್ಕಿಂತ ಮೊದಲು ಪ್ರತಿ ಶಾಲೆಯಲ್ಲೂ ಇಬ್ಬರ ಹೆಸರು ಗೊತ್ತುಮಾಡಬೇಕು, ಅವರಲ್ಲಿ ಒಬ್ಬರಾದರೂ ಶಿಕ್ಷಕಿಯಾಗಿರಬೇಕು. ಹೆಡ್‌ಮಾಸ್ಟರ್ ಆರಿಸಿದರೆ ಸಾಲದು. ಯಾರ ಹತ್ತಿರ ಹೇಳಿಕೊಳ್ಳುತ್ತೀರಿ ಎಂದು ಮಕ್ಕಳನ್ನೇ ಚೀಟಿಯಲ್ಲಿ ಬರೆಸಿ ಕೇಳಬೇಕು. ಇಬ್ಬರೇಕೆಂದರೆ, ಒಬ್ಬರ ಮೇಲೆಯೇ ದೂರು ಬಂದರೆ ಮಗು ಇನ್ನೊಬ್ಬರ ಬಳಿ ಹೋಗಬೇಕಲ್ಲ. ಆ ಇಬ್ಬರಿಗೆ ಸೆಕ್ಷನ್ 19 ಮತ್ತು 24ನ್ನು, ಫೋಟೊ ಮುಂದೆ ಕಳಿಸಬಾರದೆಂಬುದನ್ನು, ಮೊದಲ ಮಾತು ಹೇಗಿರಬೇಕೆಂಬುದನ್ನು ಒಂದು ದಿನದ ತರಬೇತಿಯಲ್ಲಿ ಹೇಳಿಕೊಡಬಹುದು. ಕ್ಲಸ್ಟರ್ ಮಟ್ಟದ ಶಿಕ್ಷಕರ ಸಮಾಲೋಚನಾ ಸಭೆಗಳು ಹೇಗೂ ನಡೆಯುತ್ತವೆ, ಅದರಲ್ಲೇ ಮುಗಿಸಬಹುದು. ಜೂನ್‌ನಲ್ಲಿ ಶಾಲೆ ಶುರುವಾದಾಗ ಆ ಹೆಸರುಗಳನ್ನು ಪ್ರತಿ ತರಗತಿಯಲ್ಲೂ ಹೇಳಬೇಕು, ದಸರಾ ರಜೆಗೆ ಮುಂಚೆ ಮತ್ತು ಬೇಸಿಗೆ ರಜೆಗೆ ಮುಂಚೆ ಮತ್ತೆ ಹೇಳಬೇಕು. ರಜೆಯಲ್ಲಿ ಮಕ್ಕಳ ಕೈಗೆ ಫೋನ್ ಹೆಚ್ಚು ಹೊತ್ತು ಸಿಗುತ್ತದೆ, ಶಾಲೆಗೆ ಬೀಗ ಬಿದ್ದಿರುತ್ತದೆ. ಏಪ್ರಿಲ್ ಮಧ್ಯದಲ್ಲಿ ಅಜ್ಜಿಯ ಊರಿನಲ್ಲಿರುವ ಹುಡುಗಿಗೆ ಬೆದರಿಕೆಯ ಮೆಸೇಜ್ ಬಂದರೆ ಮಿಸ್ ಮನೆ ಯಾವ ಬೀದಿಯಲ್ಲಿದೆ, ಅಜ್ಜಿಯ ಫೋನಿನಿಂದ ಯಾವ ನಂಬರಿಗೆ ಕರೆ ಮಾಡಬೇಕು ಎಂಬುದು ಅವಳಿಗೆ ಬಾಯಿಪಾಠವಾಗಿರಬೇಕು.